ಐದನೆಯದು ಬೇಡ

೧೨ ಜೂನ್ ೨೦೧೭

ಅತ್ತಿಗೆಗೆ ನಮಸ್ಕಾರ.

ಆದೇಶ ಕೈಗೆ ಬಂತು. ಇವತ್ತಿನಿಂದ ನಾನು ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರ. ಈ ಮಾತನ್ನು ಮೊದಲು ಬರೆಯುತ್ತಿರುವುದು ನಿಮಗೇ.

ಶಿಬಿರದ ಹಿಂಬದಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಒಂದು ಕಿಟಕಿ ಈಜುಕೊಳದ ಕಡೆಗೆ, ಇನ್ನೊಂದು ಲಾಯದ ಕಡೆಗೆ. ಗಾಳಿ ಬೀಸಿದಂತೆ ಒಮ್ಮೆ ಕ್ಲೋರಿನ್ ವಾಸನೆ, ಒಮ್ಮೆ ಲದ್ದಿಯ ವಾಸನೆ. ಹಿಂದಿನ ಕೋಚ್ ಬೀರುವಿನಲ್ಲಿ ಒಂದು ಜೊತೆ ಬೂಟು ಬಿಟ್ಟುಹೋಗಿದ್ದಾರೆ. ಹಾಕಿ ನೋಡಿದೆ, ಸಡಿಲ.

ನಿನ್ನೆ ಕ್ಷೌರಕ್ಕೆ ಹೋಗಿದ್ದೆ. "ಯಾವ ಆಟ ಸಾರ್ ನಿಮ್ಮದು?" ಅಂದ. "ಮಾಡರ್ನ್ ಪೆಂಟಾತ್ಲಾನ್" ಅಂದೆ. ಕತ್ತರಿ ನಿಂತುಹೋಯಿತು. ಕತ್ತಿವರಸೆ, ಈಜು, ಕುದುರೆ ಸವಾರಿ, ಪಿಸ್ತೂಲಿನ ಗುರಿ, ಓಟ, ಐದನ್ನೂ ಒಬ್ಬನೇ ಮಾಡಬೇಕು ಅಂತ ವಿವರಿಸಿದೆ. ಮತ್ತೆ ಕತ್ತರಿ ಆಡಿಸುತ್ತಾ, "ಅಂದ್ರೆ ಒಂದೂ ನೆಟ್ಟಗೆ ಬರದೇ ಇರೋರಿಗೆ ಮಾಡಿದ ಆಟ ಅನ್ನಿ" ಅಂದ. ನಾನು ನಕ್ಕು ತಲೆ ಅಲ್ಲಾಡಿಸಿದ್ದಕ್ಕೆ ಕಿವಿ ಕುಯ್ದುಕೊಂಡಿತು.

ಅಣ್ಣನಿಗೆ ಐದೂ ನೆಟ್ಟಗೆ ಬರುತ್ತಿತ್ತು. ಈ ಕುರ್ಚಿ ಅವನದು. ಅವನು ಬರುವ ತನಕ ಸುಮ್ಮನೆ ಕೂತಿದ್ದೇನೆ ಅಂತಲೇ ನನಗೆ ಅನಿಸುವುದು.

ಕಡ್ಡಿ ಹೇಗಿದ್ದಾಳೆ? ಈಗಲಾದರೂ ಮೈ ಕೈ ತುಂಬಿಕೊಂಡಿದ್ದಾಳೋ, ಹೆಸರಿಗೆ ತಕ್ಕ ಹಾಗೆ ಕಡ್ಡಿಯೇ ಆಗಿದ್ದಾಳೋ? ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಕಾಗದವನ್ನಾದರೂ ಹಾಕಿ.

ನಿಮ್ಮ ಮೈದುನ


೩ ಜುಲೈ ೨೦೧೭

ಮೈದುನನಿಗೆ ಆಶೀರ್ವಾದ.

ಬಹಳ ಸಂತೋಷವಾಯಿತು. ಕನ್ನಡಕದ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. "ಹಾಗಾದ್ರೆ ಇನ್ಮೇಲೆ ಟೀವಿಲಿ ಬರ್ತಾರಾ?" ಅಂದರು ಮಾಲೀಕರು. ಬಂದರೂ ಬರಬಹುದು, ತಲೆ ಬಾಚಿಕೊಂಡಿರು.

ಫೋನ್ ಯಾಕೆ ಎತ್ತುವುದಿಲ್ಲ ಅಂತ ಹೇಳಿಬಿಡುತ್ತೇನೆ. ನಿನ್ನ ದನಿ ಅವರದೇ ದನಿ. ಎದುರಿಗಿದ್ದರೆ ಮುಖ ಕಾಣುತ್ತದೆ, ಆಗ ದನಿ ನಿನ್ನದಾಗುತ್ತದೆ. ಫೋನಿನಲ್ಲಿ ಮುಖವಿಲ್ಲ. "ಹಲೋ" ಅಂದ ಕೂಡಲೇ, "ಎಲ್ಲಿದ್ದೀರಿ, ಇಷ್ಟು ಹೊತ್ತಾಯ್ತಲ್ಲ" ಅಂದುಬಿಡುತ್ತೇನೋ ಅಂತ ಹೆದರಿಕೆ. ಕಾಗದದಲ್ಲಿ ಆ ಕಷ್ಟವಿಲ್ಲ. ನಿನ್ನ ಅಕ್ಷರ ನಿನ್ನದೇ, ಕೋಳಿ ಕೆರೆದ ಹಾಗೆ.

ಕಡ್ಡಿ ಕಡ್ಡಿಯೇ. ಶಾಲೆಯ ಈಜಿನಲ್ಲಿ ಮೊದಲು, ಓಟದಲ್ಲಿ ಮೊದಲು, ಗಣಿತದಲ್ಲಿ ಕೇಳಬೇಡ. ಅವಳ ಅಪ್ಪ ಹೋದಾಗ ಅವಳಿಗೆ ಎರಡು ವರ್ಷ. ಕುದುರೆಯಿಂದ ಬಿದ್ದು ಹೋದರು ಅಂತಷ್ಟೇ ಅವಳಿಗೆ ಹೇಳಿರುವುದು. ಒಲಿಂಪಿಕ್ಸ್ ಆಯ್ಕೆಯ ದಿನ ಚೀಟಿ ಎತ್ತಿ ಕೊಟ್ಟ ಗುರುತಿಲ್ಲದ ಕುದುರೆ ಅದು, ಬೇಲಿಗೆ ಎಡವಿ ಅವರ ಮೇಲೇ ಉರುಳಿತು ಅಂತ ಹೇಳಿಲ್ಲ. ಅವರ ಜಾಗದಲ್ಲಿ ನೀನು ಹೋದೆ ಅಂತಲೂ ಹೇಳಿಲ್ಲ. ನನಗೆ ಅದರಲ್ಲಿ ಬೇಸರವೇನಿಲ್ಲ. ಯಾರಾದರೂ ಹೋಗಬೇಕಿತ್ತಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತಿಗೆ


೨೦ ಮೇ ೨೦೧೮

ಮೈದುನನಿಗೆ.

ನನ್ನನ್ನು ಕೇಳದೆ ನಿನ್ನ ಶಿಬಿರಕ್ಕೆ ಅರ್ಜಿ ಹಾಕಿದ್ದಾಳೆ. ಆಯ್ಕೆಯೂ ಆಗಿದೆಯಂತೆ. ನಿನಗೆ ಗೊತ್ತಿತ್ತೋ ಇಲ್ಲವೋ ಅಂತ ಕೇಳುವುದಿಲ್ಲ. ಗೊತ್ತಿತ್ತು ಅಂದರೂ ಕಷ್ಟ, ಇಲ್ಲ ಅಂದರೂ ನಂಬುವುದು ಕಷ್ಟ.

ಒಂದು ವಾರ ಮನೆಯಲ್ಲಿ ಮಾತಿಲ್ಲ. ನಾನು ಇಟ್ಟ ತಟ್ಟೆ ಇಟ್ಟಲ್ಲೇ ಇರುತ್ತಿತ್ತು. ಕೊನೆಗೆ ನಾನೇ ಬಾಯಿಬಿಟ್ಟೆ. "ಈಜು ಸಾಲ್ದಾ ನಿಂಗೆ?" ಅಂದೆ. "ಅಪ್ಪ ಮಾಡಿದ್ದನ್ನ ನೋಡ್ಬೇಕು ಅಮ್ಮ" ಅಂದಳು. "ಸಾಯೋದನ್ನಾ?" ಅಂದುಬಿಟ್ಟೆ. ಎದ್ದು ಹೋಗಿ ಪೆಟ್ಟಿಗೆ ಕಟ್ಟಿದಳು.

ಕಳಿಸುತ್ತಿದ್ದೇನೆ. ನೀರಿಗೆ ಬಿಡು, ಓಡಿಸು, ಕತ್ತಿ ಕೊಡು, ಪಿಸ್ತೂಲು ಕೊಡು. ನಾಲ್ಕು ಆಟ ಕಲಿಸು. ಐದನೆಯದು ಬೇಡ. ಅವಳ ವಯಸ್ಸಿನವರ ಸ್ಪರ್ಧೆಗಳಲ್ಲಿ ಕುದುರೆ ಇರುವುದಿಲ್ಲವಂತೆ, ವಿಚಾರಿಸಿದ್ದೇನೆ. ಮುಂದಿನದನ್ನು ಮುಂದೆ ನೋಡೋಣ. ಈ ಒಂದು ಮಾತು ನಡೆಸಿಕೊಡು. ನಾನು ನಿನ್ನನ್ನು ಈವರೆಗೆ ಏನೂ ಕೇಳಿಲ್ಲ.

ಅತ್ತಿಗೆ


೧೫ ಜೂನ್ ೨೦೧೮

ಅತ್ತಿಗೆಗೆ ನಮಸ್ಕಾರ.

ಕಡ್ಡಿ ಸುಖವಾಗಿ ತಲುಪಿದಳು. ಹುಡುಗಿಯರ ಕಟ್ಟಡದಲ್ಲಿ ಮೇಲಿನ ಮಂಚ ಸಿಕ್ಕಿದೆ. ಎಲ್ಲರೆದುರು "ಚಿಕ್ಕಪ್ಪ" ಅಂತ ಕೂಗಿದಳು. "ಇಲ್ಲಿ ಸಾರ್ ಅನ್ನು" ಅಂದೆ. "ಆಯ್ತು ಸಾರ್ ಚಿಕ್ಕಪ್ಪ" ಅಂದಳು. ಈಗ ಇಡೀ ಶಿಬಿರಕ್ಕೆ ನಾನು ಸಾರ್ ಚಿಕ್ಕಪ್ಪ. ಅಡುಗೆಯವರೂ ಹಾಗೇ ಕರೆಯುತ್ತಾರೆ.

ಕತ್ತಿವರಸೆಯಲ್ಲಿ ನಮ್ಮದು ಒಂದೇ ಚುಚ್ಚಿನ ಆಟ. ಮೊದಲು ಚುಚ್ಚಿದವರು ಗೆದ್ದರು, ಮುಗಿಯಿತು. ಇವಳು ಚುಚ್ಚಿದ ತಕ್ಷಣ ಮುಖವಾಡ ಎತ್ತಿ "ನೋವಾಯ್ತಾ?" ಅಂತ ಕೇಳುತ್ತಾಳೆ. ಆ ಗುಣ ನಿಮ್ಮದು. ಬಿಡಿಸಬೇಕು.

ಕುದುರೆ ವಿಷಯ ನನಗೆ ಬಿಡಿ. ನೀವು ನೆಮ್ಮದಿಯಾಗಿರಿ.

ನಿಮ್ಮ ಮೈದುನ


೮ ಅಕ್ಟೋಬರ್ ೨೦೧೮

ಮೈದುನನಿಗೆ ಆಶೀರ್ವಾದ.

ಮಾತು ಕೊಟ್ಟೆಯಲ್ಲ, ಅಂದಿನಿಂದ ನಿದ್ದೆ ಬರುತ್ತಿದೆ. ನಿನ್ನ ಕಾಗದವನ್ನು ಅಂಗಡಿಯ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಲೆನ್ಸು ಉಜ್ಜಿ ಬೇಸರವಾದಾಗ ತೆಗೆದು ಓದುತ್ತೇನೆ.

ರಜೆಗೆ ಯಾವಾಗ ಬರುತ್ತಾಳೆ? ಅವಳು ಬರೆಯುವ ಕಾಗದದಲ್ಲಿ ಊಟ, ನಿದ್ದೆ, ಊಟ. ನೀನಾದರೂ ನಾಲ್ಕು ಸಾಲು ಹೆಚ್ಚಿಗೆ ಬರಿ. ಒಂದು ಉಣ್ಣೆಯ ಅಂಗಿ ಹೆಣೆದಿದ್ದೇನೆ. ತೋಳು ಸ್ವಲ್ಪ ಉದ್ದವೇ ಇರಲಿ ಅಂತ ಬಿಟ್ಟಿದ್ದೇನೆ, ಬೆಳೆಯುವ ಹುಡುಗಿ.

ನಿನ್ನ ಅತ್ತಿಗೆ


೧೧ ಫೆಬ್ರವರಿ ೨೦೧೯

ಅತ್ತಿಗೆಗೆ.

ಗಾಬರಿಯಾಗಬೇಡಿ. ಕಡ್ಡಿ ಕೊಳದ ಅಂಚಿನಲ್ಲಿ ಕಾಲು ಜಾರಿ ಬಿದ್ದಳು. ಎಡ ಭುಜಕ್ಕೆ ಪೆಟ್ಟಾಗಿದೆ. ಇಲ್ಲಿನ ಡಾಕ್ಟರು ಕಟ್ಟು ಹಾಕಿದ್ದಾರೆ. ಕತ್ತಿ ಹಿಡಿಯುವುದು ಬಲಗೈ, ಹಾಗಾಗಿ ಅಭ್ಯಾಸ ಪೂರ್ತಿ ನಿಲ್ಲುವುದಿಲ್ಲ. ಈ ಸಲ ರಜೆಗೆ ಕಳಿಸಲು ಆಗುವುದಿಲ್ಲ. ಅಂಗಿ ಚೆನ್ನಾಗಿದೆ, ಕಟ್ಟಿನ ಮೇಲೂ ಹಿಡಿಸುತ್ತದೆ.

ಮೈದುನ


೧೯ ಫೆಬ್ರವರಿ ೨೦೧೯

ಮೈದುನನಿಗೆ.

ಬಿದ್ದಳು ಅಂತ ಓದಿದಾಗ ಕುದುರೆಯೇ ಕಣ್ಣಮುಂದೆ ಬಂತು. ಆಮೇಲೆ ಕೊಳದ ಅಂಚು ಅಂತ ಓದಿ ಉಸಿರು ಬಿಟ್ಟೆ. ಮಗಳು ಬಿದ್ದಿದ್ದಾಳೆ ಅಂದರೆ ಸಮಾಧಾನ ಪಡುವ ತಾಯಿ ನಾನೊಬ್ಬಳೇ ಇರಬೇಕು.

ಇಲ್ಲಿ ಒಳ್ಳೆಯ ಮೂಳೆ ಡಾಕ್ಟರಿದ್ದಾರೆ, ನಮ್ಮ ಅಂಗಡಿಗೇ ಕನ್ನಡಕಕ್ಕೆ ಬರುತ್ತಾರೆ. ಕರೆದುಕೊಂಡು ಬರಲೇ? ಮಾಲೀಕರು ರಜೆ ಕೊಡುತ್ತಾರೆ.

ಅತ್ತಿಗೆ


೨೭ ಫೆಬ್ರವರಿ ೨೦೧೯

ಅತ್ತಿಗೆಗೆ.

ಬರುವುದು ಬೇಡ. ನೀವು ಬಂದರೆ ಅವಳು ಅಳುತ್ತಾಳೆ, ಅವಳು ಅತ್ತರೆ ಉಳಿದವರಿಗೂ ಮನೆ ನೆನಪಾಗುತ್ತದೆ. ವಾಸಿಯಾಗುತ್ತಿದೆ. ನನ್ನ ಮೇಲೆ ನಂಬಿಕೆ ಇಡಿ.

ಮೈದುನ


೪ ನವೆಂಬರ್ ೨೦೨೧

ಅತ್ತಿಗೆಗೆ ನಮಸ್ಕಾರ.

ಕೊರೋನಾದಲ್ಲಿ ಕೊಳಗಳೆಲ್ಲ ಮುಚ್ಚಿ ನಾವೂ ಮನೆ ಸೇರಿದ್ದ ಆ ವರ್ಷದಿಂದ ಕಾಗದದ ಅಭ್ಯಾಸ ತಪ್ಪಿಹೋಯಿತು. ಇವತ್ತು ಬರೆಯಲೇಬೇಕು. ಕಡ್ಡಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದಳು. ನಾನು ಅವಳ ಹೆಸರಿಗೆ ಕೈ ಎತ್ತಲಿಲ್ಲ, ಆಯ್ಕೆ ಸಮಿತಿಯ ಕೋಣೆಯಿಂದ ಎದ್ದು ಹೊರಗೆ ನಿಂತಿದ್ದೆ. ಅಂಕಗಳೇ ಅವಳನ್ನು ಒಳಗೆ ತಂದವು.

ಕೊನೆಯ ಓಟದ ನಡುವೆ ಪಿಸ್ತೂಲು ಹಿಡಿದು ಗುರಿಯ ಹಲಗೆಯ ಮುಂದೆ ನಿಂತು ಉಸಿರು ಹಿಡಿದ ರೀತಿ ನೋಡಬೇಕಿತ್ತು. ಅಣ್ಣ ಹಾಗೇ ನಿಲ್ಲುತ್ತಿದ್ದ, ಬಲಗಾಲು ಸ್ವಲ್ಪ ಮುಂದಿಟ್ಟು. ಅವಳಿಗೆ ಯಾರು ಕಲಿಸಿದರು? ನಾನು ಕಲಿಸಿಲ್ಲ. ನಾನು ತಿರುಗಿ ನಿಂತು ಕನ್ನಡಕ ಒರೆಸಿಕೊಂಡೆ. ಅದೂ ನಿಮ್ಮ ಅಂಗಡಿಯದೇ.

ನಿಮ್ಮ ಮೈದುನ


೧೫ ಡಿಸೆಂಬರ್ ೨೦೨೨

ಮೈದುನನಿಗೆ ಆಶೀರ್ವಾದ.

ಪೇಪರಿನಲ್ಲಿ ಓದಿದೆ. ಮುಂದಿನ ಒಲಿಂಪಿಕ್ಸ್ ಮುಗಿದ ಮೇಲೆ ನಿಮ್ಮ ಆಟದಲ್ಲಿ ಕುದುರೆಯೇ ಇರುವುದಿಲ್ಲವಂತೆ! ಅದರ ಬದಲು ಗೋಡೆ ಹತ್ತುವುದು, ಕಂಬಿಗೆ ಜೋತುಬಿದ್ದು ದಾಟುವುದು, ಹಾರುವುದು. ನಿಜವೇ? ಮೂರು ಸಲ ಓದಿದೆ. ಗಿರಾಕಿಯೊಬ್ಬರಿಗೆ ಓದುವ ಕನ್ನಡಕದ ಬದಲು ದೂರದ ಕನ್ನಡಕ ಕೊಟ್ಟು ಕಳಿಸಿಬಿಟ್ಟೆ. ಬಾಗಿಲಿಗೆ ಹಾಯ್ದುಕೊಂಡರು ಪಾಪ.

ಈಗ ಹೇಳಬಹುದು. ಅವಳು ಸವಾರಿ ಮಾಡುತ್ತಾಳೆ ಅಂತ ನನಗೆ ಗೊತ್ತು. ಎಂದಿನಿಂದಲೋ ಗೊತ್ತು. ರಜೆಗೆ ಬಂದಾಗಲೆಲ್ಲ ಅವಳ ಬಟ್ಟೆ ಒಗೆಯುವವಳು ನಾನು. ಕುದುರೆ ವಾಸನೆಯ ಬಟ್ಟೆಯನ್ನು ನಿನ್ನ ಅಣ್ಣನ ಕಾಲದಲ್ಲಿ ಎಷ್ಟು ವರ್ಷ ಒಗೆದಿಲ್ಲ ನಾನು! ಮೊದಲ ಸಲ ಬಕೆಟ್ಟಿನ ಮುಂದೆ ಕೂತು ಅತ್ತೆ. ಆಮೇಲೆ ಒಗೆದು ಒಣಹಾಕಿದೆ. ಅವಳನ್ನು ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ನಿಲ್ಲಿಸಬೇಕಾಗುತ್ತಿತ್ತು. ನಿಲ್ಲಿಸಿದರೆ ಅವಳು ನನ್ನ ಕೈಗೇ ಸಿಗುತ್ತಿರಲಿಲ್ಲ.

ಇರಲಿ, ಇನ್ನು ಯಾರೂ ಏನೂ ಮುಚ್ಚಿಡಬೇಕಾಗಿಲ್ಲ. ಕಂಬಿಗೆ ಜೋತುಬೀಳುವುದು ತಾನೇ? ಚಿಕ್ಕವಳಿದ್ದಾಗ ಬಾಗಿಲ ಮೇಲೆ ಹತ್ತಿ ಕೂರುತ್ತಿದ್ದವಳು. ಇನ್ನು ಅವಳ ಆಟ ನೋಡಲು ಬರುತ್ತೇನೆ. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಮೈದಾನದಲ್ಲಿ ಕೂರುತ್ತೇನೆ. ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಬರಿ.

ನಿನ್ನ ಪ್ರೀತಿಯ ಅತ್ತಿಗೆ


೨೨ ಜನವರಿ ೨೦೨೩

ಅತ್ತಿಗೆಗೆ ನಮಸ್ಕಾರ.

ಸುದ್ದಿ ನಿಜ. ಒಲಿಂಪಿಕ್ಸ್‌ಗೆ ಇನ್ನೂ ಸಮಯವಿದ್ದರೂ ನಮ್ಮವರು ಈಗಲೇ ಲಾಯ ಖಾಲಿ ಮಾಡಲು ಹೊರಟಿದ್ದಾರೆ. ಸವಾರಿಯ ಮೈದಾನದ ಅರ್ಧಕ್ಕೆ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ದಾರೆ. ವೆಲ್ಡಿಂಗ್ ಕಿಡಿ ಹಾರಿದಾಗಲೆಲ್ಲ ಕುದುರೆಗಳು ಬೆಚ್ಚುತ್ತವೆ. ನನಗೂ ಈ ಕಂಬಿಗಳ ಆಟ ಹೊಸದು. ಈ ವಯಸ್ಸಿನಲ್ಲಿ ಕೋತಿಯ ವಿದ್ಯೆ ಕಲಿಯಬೇಕು.

ಕಡ್ಡಿಗೆ ಇನ್ನೂ ಹಿಡಿತ ಬಂದಿಲ್ಲ. ಬರುತ್ತದೆ. ಈಗಲೇ ನೋಡಲು ಬರಬೇಡಿ, ಸ್ವಲ್ಪ ತಡೆಯಿರಿ.

ಮೈದುನ


೯ ಮೇ ೨೦೨೩

ನನ್ನ ಮಗಳು ಪೆಟ್ಟಿಗೆ ಸಮೇತ ಮನೆಗೆ ಬಂದಳು. ನಿನಗೆ ಗೊತ್ತೇ ಇರುತ್ತದೆ, ನೀನೇ ಬಸ್ಸು ಹತ್ತಿಸಿದೆಯಂತೆ.

ಮೊದಲ ಎರಡು ದಿನ ನಾನು ಪೆದ್ದಿಯ ಹಾಗೆ, "ಅಭ್ಯಾಸ ಮಾಡಿದ್ರೆ ಬರುತ್ತೆ ಬಿಡೆ" ಅನ್ನುತ್ತಲೇ ಇದ್ದೆ. ಮೂರನೆಯ ದಿನ ಮೇಲಿನ ಕಪಾಟಿನಿಂದ ಡಬ್ಬಿ ತೆಗೆದುಕೊಡು ಅಂದೆ. ಬಲಗೈ ಚಾಚಿದಳು. ಭಾರದ ಡಬ್ಬಿ, "ಎರಡೂ ಕೈ ಹಾಕು" ಅಂದೆ. ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅಷ್ಟು ವರ್ಷ ರಜೆಗೆ ಬಂದು ಹೋದಳು, ನಾನು ಬಟ್ಟೆಯ ವಾಸನೆ ನೋಡಿದೆ, ಕೈಯನ್ನು ನೋಡಲಿಲ್ಲ.

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ಚಿತ್ರ ತೆಗೆಸಿದರು. "ಕೊಳದ ಹತ್ರ ಜಾರಿ ಬಿದ್ದಿದ್ದು ಡಾಕ್ಟ್ರೇ" ಅಂದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, "ಇಷ್ಟು ಎತ್ತರದ ಕೊಳ ಎಲ್ಲಿದೆ ತಾಯಿ?" ಅಂದರು. ಅವಳು ಅಲ್ಲೇ ಹೇಳಿದಳು. ಎಲ್ಲ ಹೇಳಿದಳು. ಬೇಲಿ, ಕುದುರೆ, ಮರಳು. ನಿಮ್ಮ ಶಿಬಿರದ ಡಾಕ್ಟರು ಆಪರೇಷನ್ ಮಾಡಿದರೆ ಕೀಲು ಸರಿಯಾಗಿ ಕೂರುತ್ತದೆ ಅಂದಿದ್ದರಂತೆ. ಅವಳಿಗೆ ಹದಿನೆಂಟು ತುಂಬಿರಲಿಲ್ಲ, ತಾಯಿಯ ಸಹಿ ಬೇಕಿತ್ತು. ಸಹಿ ಕೇಳಿದರೆ ನನಗೆ ಗೊತ್ತಾಗುತ್ತಿತ್ತು. ಅದಕ್ಕೆ ನೀನು ಬರೀ ಕಟ್ಟು ಹಾಕಿಸಿದೆ.

ಈಜಿನಲ್ಲಿ ಓರೆಯಾಗಿ ಕೈ ಹಾಕಿ ಹೇಗೋ ದಾಟಿಸುತ್ತಿದ್ದಳಂತೆ. ಲಗಾಮಿಗೆ ಕೈ ಮೇಲೆತ್ತುವುದೇ ಬೇಕಿಲ್ಲವಂತೆ. ಕಂಬಿಗೆ ಜೋತುಬೀಳಲು ಎರಡೂ ಕೈ ಬೇಕು. ಕುದುರೆ ಇರುವ ತನಕ ಅವಳಿಗೆ ಆಟವಿತ್ತು. ಕುದುರೆ ಹೋಯಿತು ಅಂತ ನಾನು ಕುಣಿದೆ. ಆ ಕಾಗದ ಓದುವಾಗ ನಿನಗೆ ಏನನಿಸಿತು? ಓದಿಯೂ, ಹಿಡಿತ ಬಂದಿಲ್ಲ ಅಂತ ಬರೆದೆಯಲ್ಲ.

ಡಾಕ್ಟರು ಈಗ ತಡವಾಯಿತು ಅಂದರು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಸಿಟ್ಟು ಬಂದದ್ದು ನನ್ನ ಮೇಲೆ. "ನೀನು ಇಷ್ಟೊಂದು ಹೆದರದೇ ಇದ್ದಿದ್ರೆ ಯಾರೂ ಸುಳ್ಳು ಹೇಳ್ತಿರ್ಲಿಲ್ಲ ಅಮ್ಮ" ಅಂದಳು. ರಸ್ತೆಯಲ್ಲೇ ಅಂದಳು, ಜನರೆದುರು.

ನೀನು ಉತ್ತರ ಬರೆಯಬೇಡ.

ಅವಳ ತಾಯಿ


೩೦ ಆಗಸ್ಟ್ ೨೦೨೩

ಅತ್ತಿಗೆಗೆ.

ಬರೆಯಬೇಡ ಅಂದಿದ್ದಿರಿ. ಮೂರೂವರೆ ತಿಂಗಳು ತಡೆದೆ. ನನ್ನ ಪರವಾಗಿ ಹೇಳಿಕೊಳ್ಳುವುದು ಏನೂ ಇಲ್ಲ. ಸುಳ್ಳು ನನ್ನದು. ಕಟ್ಟು ಸಾಕು ಅಂದವನೂ ನಾನೇ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ.

ನಿನ್ನೆ ಕುದುರೆಗಳನ್ನು ಒಯ್ದರು. ಎರಡು ಲಾರಿ ಬಂದಿದ್ದವು. ತಾತ ಅಂತ ನಾವು ಕರೆಯುವ ಮುದಿ ಕುದುರೆ ಹಲಗೆ ಹತ್ತಲು ಒಪ್ಪಲಿಲ್ಲ. ನಾನೇ ಮುಂದೆ ಹತ್ತಿ ಕರೆದೆ, ಹಿಂದೆಯೇ ಬಂತು. ಲಾರಿಯಿಂದ ಇಳಿಯುವುದು ನನಗೆ ಬಹಳ ಕಷ್ಟವಾಯಿತು. ಮೂರು ಕುದುರೆ ಒಂದು ಸವಾರಿ ಶಾಲೆಗೆ ಹೋದವು, ಮಕ್ಕಳಿಗೆ ಕಲಿಸುವ ಜಾಗ. ಉಳಿದವು ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ.

ಈ ತಿಂಗಳಿಗೆ ನನ್ನ ಕೆಲಸವೂ ಮುಗಿಯಿತು. ನನ್ನ ಜಾಗಕ್ಕೆ ಗೋಡೆ ಹತ್ತುವುದರಲ್ಲಿ ಪಳಗಿದ ಹುಡುಗ ಬಂದಿದ್ದಾನೆ. ಒಳ್ಳೆಯವನು, ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಮುಂದಿನ ವಾರದಿಂದ ಊರಿನ ಸಾರ್ವಜನಿಕ ಕೊಳದಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುತ್ತೇನೆ. ನೀರಿನಲ್ಲಿ ಮುಖ ಮುಳುಗಿಸುವುದೇ ಅವರ ಮೊದಲ ಪಾಠ. ಹೆದರುತ್ತಾರೆ. ಹೆದರಲಿ ಅಂತ ಬಿಡುತ್ತೇನೆ, ಆತುರವಿಲ್ಲ.

ಸವಾರಿ ಶಾಲೆಯ ವಿಳಾಸವನ್ನು ಹಿಂಬದಿಗೆ ಬರೆದಿದ್ದೇನೆ. ಅವಳಿಗೆ ಕೊಡುವುದೂ ಬಿಡುವುದೂ ನಿಮಗೆ ಸೇರಿದ್ದು. ಈ ಸಲ ನಿಮ್ಮನ್ನು ಬಿಟ್ಟು ಅವಳಿಗೆ ಏನೂ ಕಳಿಸುವುದಿಲ್ಲ.

ಮೈದುನ


೧೭ ನವೆಂಬರ್ ೨೦೨೪

ಮೈದುನನಿಗೆ.

ವಿಳಾಸವನ್ನು ಹದಿನೈದು ದಿನ ಇಟ್ಟುಕೊಂಡು ಆಮೇಲೆ ಕೊಟ್ಟೆ. ಕೊಟ್ಟ ಮರುದಿನವೇ ಹೋದಳು. ಈಗ ಅಲ್ಲೇ ಕೆಲಸ. ಕುದುರೆ ತಿಕ್ಕುತ್ತಾಳೆ, ಮೇವು ಹಾಕುತ್ತಾಳೆ, ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುತ್ತಾಳೆ. ಒಂದು ವರ್ಷ ನನಗೆ ಒಂದು ಸಾಲೂ ಬರೆಯಲಿಲ್ಲ. ಕಳೆದ ತಿಂಗಳು ಒಂದು ಕಾರ್ಡು ಬಂತು. "ಬರೋದಿದ್ರೆ ಭಾನುವಾರ ಬಾ" ಅಂತಷ್ಟೇ ಇತ್ತು.

ಹೋದೆ. ಬಸ್ಸಿನಿಂದ ಇಳಿದಾಗಲೇ ಆ ವಾಸನೆ ಬಂತು. ಗೇಟಿನ ಕಂಬ ಹಿಡಿದು ನಿಂತೆ. ಅವಳು ಕಂದು ಕುದುರೆಯ ಮೇಲೆ ಕೂತು ಮೈದಾನ ಸುತ್ತುತ್ತಿದ್ದಳು. ಬೇಲಿ ಹಾರಲಿಲ್ಲ, ಸುಮ್ಮನೆ ನಡೆಸುತ್ತಿದ್ದಳು. ಅವಳ ಬೆನ್ನು ನೋಡಿದೆ. ಅಷ್ಟು ನೆಟ್ಟಗೆ ಅವಳು ನನ್ನ ಮನೆಯಲ್ಲಿ ಒಂದು ದಿನವೂ ಕೂತದ್ದಿಲ್ಲ.

ನನ್ನನ್ನು ಕಂಡಳು. ಕುದುರೆಯನ್ನು ನನ್ನ ಕಡೆಗೆ ತಿರುಗಿಸುತ್ತಾಳೆ ಅಂದುಕೊಂಡು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಇಳಿದು, ಅದನ್ನು ಮೈದಾನದ ಆಚೆ ತುದಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಅಲ್ಲಿ ಕಟ್ಟಿ, ಅಷ್ಟು ದೂರವೂ ಒಬ್ಬಳೇ ನಡೆದು ಬಂದಳು.

ಚಹಾ ಕುಡಿದೆವು. ಆಗ ಹೇಳಿದಳು, ಬಿದ್ದ ದಿನ "ಅಮ್ಮಂಗೆ ಹೇಳ್ಬೇಡಿ ಚಿಕ್ಕಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ" ಅಂತ ಬೇಡಿಕೊಂಡದ್ದು ತಾನೇ ಅಂತ. ನೀನು ಅದನ್ನು ಬರೆಯಲಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ ಅಂತ ಬರೆದೆ. ಮಗುವನ್ನು ಕಾಪಾಡಿದೆ ಅಂದುಕೊಂಡಿರಬೇಕು. ಆದರೆ ಹದಿನೇಳರ ಹುಡುಗಿ ಮರಳಿನಲ್ಲಿ ಬಿದ್ದು ಅಳುತ್ತಾ ಬೇಡಿದರೆ ನಲವತ್ತು ದಾಟಿದವನು ಕೇಳಬೇಕಿತ್ತಾ? ಕೇಳಬಾರದಿತ್ತು. ಅವಳಿಗೆ ಅಪ್ಪ ಇದ್ದಿದ್ದರೆ ಕೇಳುತ್ತಿರಲಿಲ್ಲ. ಅವಳಿಗೆ ಅಪ್ಪನ ಜಾಗದಲ್ಲಿ ಇದ್ದವನು ನೀನು.

ನಾನೂ ಬಾಯಿ ಮುಚ್ಚಿಕೊಂಡು ಬಟ್ಟೆ ಒಗೆದವಳೇ. ಒಂದು ಸಲ "ಬಿದ್ದಿದ್ದೀಯಾ?" ಅಂತ ಕೇಳಿದ್ದರೆ ಆಗುತ್ತಿತ್ತು. ಅದನ್ನು ನಾನು ನಿನ್ನ ಮೇಲೆ ಹಾಕುವುದಿಲ್ಲ.

ಹೊರಡುವಾಗ "ಚಿಕ್ಕಪ್ಪ ಬರಲ್ವಾ?" ಅಂದಳು. ನೀನು ಹೋಗಿ ನೋಡು. ಭಾನುವಾರ ನಾನು ಹೋಗುತ್ತೇನೆ, ನೀನು ಬೇರೆ ದಿನ ಹೋಗು. ಮಧ್ಯಾಹ್ನದ ಮೇಲೆ ಅವಳಿಗೆ ಭುಜ ನೋಯುತ್ತದೆ, ಬೆಳಗ್ಗೆಯೇ ಹೋಗು.

ನನ್ನ ಮನೆಗೆ ಬರಬೇಡ. ಎಂದಿಗೂ ಬರಬೇಡ ಅಂತ ಬರೆಯಲು ಕೂತೆ, ಬರೆಯಲಾಗಲಿಲ್ಲ. ಈಗ ಬೇಡ.

ಅತ್ತಿಗೆ